ಮಂಜುಗಡ್ಡೆಯಾಗದೆ ಹೆಪ್ಪುಗಟ್ಟುವ ನೀರು

ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಗೋಚರಿಸದ ವೈರಸ್ಸುಗಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ನಮಗೆ ತೋರಿಸಬಲ್ಲುದು. ಆದರೆ ಅದರ ಕೊಳವೆಯೊಳಗೆ ಗಾಳಿ ಇರಕೂಡದು. ಇದ್ದರೆ ಎಲೆಕ್ಟ್ರಾನುಗಳು ಚೆದರಿಹೋಗುತ್ತವೆ. ನಿರ್ವಾತದಲ್ಲಿ ನೀರು ಬಹುಬೇಗ ಆವಿಯಾಗುತ್ತದೆ. ಜೀವಕೋಶದಲ್ಲಾದರೋ ಬಹುಪಾಲು ನೀರೇ. ನೀರನ್ನು ಕಳೆದುಕೊಂಡ ಜೀವವಸ್ತು ಬಾಡಿದ ಸೊಪ್ಪಿನಂತೆ ಮುದುಡಿಹೋಗುತ್ತದೆ. ಹಾಗಾದರೆ, ನೋಡಬೇಕಾದುದನ್ನು ಕೆಡಿಸದೆ ನೋಡುವುದೆಂತು?

ನೀರನ್ನು ಹೆಪ್ಪುಗಟ್ಟಿಸಿದರಾಯಿತು ಎಂದು ವಾಚಕರು ಹೇಳಬಹುದು. ಆದರೆ ನೀರು ಮೆಲ್ಲಗೆ ತಣಿದಾಗ ಅದರ ಅಣುಗಳು ಸಾಲುಗೂಡಿ ಹರಳುಗಳಾಗುತ್ತವೆ. ಬೆಳೆಯುವ ಹರಳುಗಳು ಸುತ್ತಲಿನ ಸೂಕ್ಷ್ಮ ರಚನೆಗಳನ್ನು ಘಾಸಿಗೊಳಿಸುತ್ತವೆ. ಎಲೆಕ್ಟ್ರಾನುಗಳನ್ನು ಚೆದರಿಸಿ ಚಿತ್ರವನ್ನೂ ಹಾಳುಮಾಡುತ್ತವೆ. ಅಣುಗಳಿಗೆ ಸಾಲುಗೂಡಲು ವ್ಯವಧಾನವೇ ಇಲ್ಲದಷ್ಟು ಬೇಗ ತಣಿಸಿದರೆ ಮಾತ್ರ ಅವು ಇದ್ದಲ್ಲಿಯೇ ನಿಲ್ಲುತ್ತವೆ. ಆಗ ನೀರು ಹರಳಿಲ್ಲದೆ, ಗಾಜಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ಉಷ್ಣತೆಯು ಸೆಕೆಂಡಿಗೆ ಲಕ್ಷ ಡಿಗ್ರಿಗಳಷ್ಟು, ಅಥವಾ ಅದಕ್ಕೂ ಮಿಗಿಲಾದ ವೇಗದಲ್ಲಿ ಇಳಿಯಬೇಕು!

ಶೂನ್ಯಕ್ಕಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ಸಾರಜನಕದಲ್ಲಿ ಅದ್ದಿದರೆ ಸಾಲದೆ? ಸಾಲದು. ಚೆನ್ನಾಗಿ ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರಿನ ಹನಿಗಳು ಒಡನೆ ಆರದೆ ಉರುಳಾಡುವುದನ್ನು ನೀವು ಕಂಡಿರಬಹುದು. ಹನಿಯ ಕೆಳಗೆ ಉಂಟಾದ ಆವಿಯ ಪದರವು ಕಾವನ್ನು ತಡೆಯುತ್ತದೆ. ದ್ರವ ಸಾರಜನಕವೂ ಹೀಗೆಯೇ. ವಸ್ತು ತಾಕಿದೊಡನೆ ಕುದಿದು, ಅದರ ಸುತ್ತ ಆವಿಯ ಹೊದಿಕೆಯನ್ನು ಹೊದಿಸುತ್ತದೆ. ಈಥೇನ್ ಅನಿಲದ ಗುಣ ಬೇರೆ. ದ್ರವ ಸಾರಜನಕದಿಂದ ತಣಿಸಿದಾಗ ಅದು ಸೊನ್ನೆಯ ಕೆಳಗೆ ೧೮೩ ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತದೆ. ಕುದಿಯಬೇಕಾದರೆ ಸೊನ್ನೆಯ ಕೆಳಗಿನ ೮೯ ಡಿಗ್ರಿಗೆ ಏರಬೇಕು. ಆದುದರಿಂದ ಆವಿಯ ಅಡ್ಡಿಯಿಲ್ಲದೆ ಶಾಖವನ್ನು ಸೆಳೆದುಕೊಳ್ಳುತ್ತದೆ.

ಈ ಯುಕ್ತಿಯಿಂದ ಶುದ್ಧ ನೀರನ್ನು ಗಾಜಾಗಿಸಿದವರು ಸ್ವಿಟ್ಸರ್ಲೆಂಡಿನ ಜಾಕ್ ದ್ಯುಬೋಷೆ ಮತ್ತು ಅವರ ಸಹೋದ್ಯೋಗಿ ಮ್ಯಾಕ್‌ಡೊವಾಲ್. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ದುಡಿಯುತ್ತಿದ್ದ ಇವರ ಲೇಖನ ೧೯೮೧ರಲ್ಲಿ ಪ್ರಕಟವಾಯಿತು.

ಈಗ ರೂಢಿಯಲ್ಲಿರುವ ಕ್ರಮ ಸರಳವಾದುದು. ಮೂರು ಮಿಲಿಮೀಟರ್ ಅಗಲದ ಲೋಹದ ಜಾಲರಿಯ ಮೇಲೆ ದ್ರಾವಣದ ಹನಿಯನ್ನಿಟ್ಟು, ಹೆಚ್ಚಿನ ನೀರನ್ನು ಹೀರುಕಾಗದದಿಂದ ತೆಗೆದು, ಉಳಿದ ತೆಳ್ಳನೆಯ ಪೊರೆಯನ್ನು ಥಟ್ಟನೆ ಈಥೇನಿನಲ್ಲಿ ಮುಳುಗಿಸುತ್ತಾರೆ. ಪೊರೆಯ ದಪ್ಪ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗದ ಆಸುಪಾಸು. ಅನಂತರವೂ ಎಚ್ಚರ ಬೇಕು. ಸೊನ್ನೆಯ ಕೆಳಗೆ ಸುಮಾರು ೧೪೦ ಡಿಗ್ರಿಗಿಂತ ಮೇಲೇರಿದರೆ ಗಾಜು ಮತ್ತೆ ಹರಳಾಗತೊಡಗುತ್ತದೆ.

ದ್ಯುಬೋಷೆ ೨೦೧೭ರಲ್ಲಿ ಯೋಆಖಿಮ್ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್ಸನ್ನರೊಡನೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ೨೦೨೦ರಲ್ಲಿ ಜಗತ್ತು ಕೊರೋನಾ ವ್ಯಾಧಿಗೆ ತತ್ತರಿಸುತ್ತಿದ್ದಾಗ, ಆ ವೈರಸ್ಸಿನ ಮುಳ್ಳುಗಳ ರಚನೆ ಬೆಳಕಿಗೆ ಬಂದುದೂ ಈ ಪದ್ಧತಿಯಿಂದಲೇ. ಲಸಿಕೆ ಗುರಿಯಿಡಬೇಕಾಗಿದ್ದುದು ಆ ಮುಳ್ಳಿಗೇ. ಹರಳಾಗಲು ನೀರಿಗೆ ಕ್ಷಣದ ಬಿಡುವನ್ನೂ ಕೊಡದ ಈ ಉಪಾಯದಿಂದ ಲೋಕಕ್ಕಾದ ಉಪಕಾರ ಅಲ್ಪವಲ್ಲ.