ಅಪ್ಪನ ಹುಲ್ಲು, ನನ್ನ ಸ್ಪ್ರಿಂಕ್ಲರ್

ಕಳೆದ ಏಪ್ರಿಲ್‌ನ ಒಂದು ಶನಿವಾರ. ಬೆಳಗ್ಗೆ ಐದೂಮುಕ್ಕಾಲಿಗೆ ಅರಸೀಕೆರೆಯಿಂದ ಅಮ್ಮನ ಫೋನ್. "ನಲ್ಲೀಲಿ ಒಂದು ಹನಿ ನೀರಿಲ್ಲ ಕಣೋ. ಸಂಪ್ ಮುಚ್ಚಳ ತೆಗೆದು ನೋಡಿದ್ರೆ ತಳ ಕಾಣ್ತಿದೆ. ನಿನ್ನ ಹುಲ್ಲಿನ ಮೇಲೆ ಮಾತ್ರ ಕೆರೆ ಥರ ನಿಂತಿದೆ."

ಸರ್ವರ್ ಬಿತ್ತು ಅಂತ ರಾತ್ರಿ ಮೂರಕ್ಕೆ ಎದ್ದು ಕೂರುವ ಕೆಲಸ ನನ್ನದು. ಆದರೆ ನಾನೇ ಡಿಸೈನ್ ಮಾಡಿದ್ದು ನಮ್ಮ ಮನೆಯಲ್ಲೇ ಬಿದ್ದದ್ದು ಅದೇ ಮೊದಲು. ಸಂಪ್‌ನಲ್ಲಿದ್ದ 5000 ಲೀಟರ್ ಪೂರ್ತಿ ಹುಲ್ಲಿಗೆ ಹೋಗಿತ್ತು. ಪಂಪು ಬರೀ ಗಾಳಿ ಎಳೆಯುತ್ತಾ ಕಿರುಚುವಾಗ ಎಚ್ಚರಾಗಿ ಅಪ್ಪನೇ ಸ್ವಿಚ್ ಆರಿಸಿದ್ದರು. ಫೋನ್ ಅವರ ಕೈಗೆ ಹೋದ ಮೇಲೆ ಕೇಳಿದ್ದು ಒಂದೇ ಮಾತು: "ಟ್ಯಾಂಕರ್‌ನೋರ ನಂಬರ್ ನಿನ್ನತ್ರ ಇದೆಯೇನೋ?"

ಬೈದಿದ್ದರೇ ಚೆನ್ನಾಗಿತ್ತು.

ಮನೆ ಮುಂದೆ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಹುಲ್ಲುಹಾಸು. ಅಪ್ಪ ಮೇಷ್ಟ್ರ ಕೆಲಸದಿಂದ ರಿಟೈರ್ ಆದ ವರ್ಷ ನರ್ಸರಿಯಿಂದ ತಂದು ಹಾಕಿಸಿದ್ದು. ದಿನಾ ಸಂಜೆ ಪೈಪ್ ಹಿಡಿದು ನಿಲ್ಲೋರು. ಮಂಡಿ ಆಪರೇಷನ್ ಆದ ಮೇಲೆ ಪೈಪ್ ಎಳೆಯುವ ಕೆಲಸ ಅಮ್ಮನ ಪಾಲಿಗೆ ಬಂತು. ಒಂದು ಸಲ ಅವರು ಒದ್ದೆ ಟೈಲ್ಸ್ ಮೇಲೆ ಜಾರಿದರು ಕೂಡ. ಮುಂದಿನ ವಾರವೇ ನಾನು ಪಾಪ್-ಅಪ್ ಸ್ಪ್ರಿಂಕ್ಲರ್, ಟೈಮರ್, ಸೊಲೆನಾಯ್ಡ್ ವಾಲ್ವ್ ಎಲ್ಲಾ ಆರ್ಡರ್ ಮಾಡಿದೆ. ವಿಡಿಯೋ ನೋಡಿಕೊಂಡು, ಪ್ಲಂಬರ್ ಜೊತೆ ಎರಡು ದಿನ ಮಣ್ಣು ಅಗೆದು ಕೂರಿಸಿದೆ. ಆರು ತಲೆಗಳು ಒಟ್ಟಿಗೆ ನೆಲದಿಂದ ಎದ್ದು ನೀರು ಚಿಮ್ಮಿದಾಗ ಬೀದಿಯ ಮಕ್ಕಳೆಲ್ಲ ಗೇಟಿಗೆ ಬಂದಿದ್ದರು. ಅಪ್ಪ ಮಾತ್ರ, "ಅರಸೀಕೆರೆಗೆ ಮಳೆ ಬಂತಲ್ಲೋ" ಅಂದು ಒಳಗೆ ಹೋದರು.

ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂತು ಅಂತಾರೆ. ಹೆಸರಿನಲ್ಲೇ ಕೆರೆ ಇದ್ದರೂ ಹಾಸನ ಜಿಲ್ಲೆಯ ಒಣ ಮೂಲೆ ನಮ್ಮದು. ಸಕಲೇಶಪುರದ ಮಳೆಯನ್ನು ನಾವು ನೋಡುವುದು ಟಿವಿಯಲ್ಲಿ. ನಮ್ಮ ಮನೆಯ ಬೋರ್ ನೀರು ಎಷ್ಟು ಗಡಸು ಅಂದರೆ ಬೇಳೆ ಬೇಯಿಸಲು ಅಮ್ಮ ಬೇರೆ ನೀರು ಹಿಡಿದಿಡುತ್ತಾರೆ. ಈ ನೀರೇ ನನ್ನ ಸಿಸ್ಟಮ್‌ನ ಮೊದಲ ಶತ್ರು ಅಂತ ನನಗೆ ಹೊಳೆದಿರಲಿಲ್ಲ.

ಆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರು ಸೇರಿ ವಾಲ್ವ್ ಬಿಚ್ಚಿದೆ. ಒಳಗಿನ ರಬ್ಬರ್ ಡಯಾಫ್ರಾಮ್ ಕೆಳಗೆ ಒಂದೇ ಒಂದು ಮರಳಿನ ಹರಳು! ಬೆಳಗಿನ ಜಾವ ಮೂರಕ್ಕೆ ಶುರುವಾಗಿ ಹತ್ತು ನಿಮಿಷಕ್ಕೆ ನಿಲ್ಲಬೇಕಿತ್ತು. ಟೈಮರ್ ನಿಲ್ಲು ಅಂದಿದೆ, ಆದರೆ ಹರಳು ಅಡ್ಡ ಬಂದು ವಾಲ್ವ್ ಮುಚ್ಚಿಲ್ಲ. ನಿಮಿಷಕ್ಕೆ ಸುಮಾರು 30 ಲೀಟರ್ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಸಂಪ್ ಖಾಲಿ. ಮೂರು ಗಂಟೆ ರಾತ್ರಿಗೆ ಯಾಕೆ ಇಟ್ಟೆ ಅಂದರೆ, ಯಾರಿಗೂ ತೊಂದರೆ ಆಗಬಾರದು ಅಂತ. ಎಲ್ಲರೂ ನಿದ್ದೆಯಲ್ಲಿರುವಾಗ ಕೆಟ್ಟರೆ ನೋಡುವವರು ಯಾರು ಅನ್ನೋ ಪ್ರಶ್ನೆಯನ್ನು ಆಫೀಸಿನಲ್ಲಿ ದಿನಾ ಕೇಳುವ ನಾನು ಮನೆಯಲ್ಲಿ ಕೇಳಿರಲಿಲ್ಲ.

ಮರಳು ತಡೆಯಲು ಪಂಪ್ ಆದ ಮೇಲೆ ಒಂದು ಜಾಲರಿ ಫಿಲ್ಟರ್ ಹಾಕಬೇಕಿತ್ತು. ದುಡ್ಡು ಉಳಿಸಲು ಬಿಟ್ಟಿದ್ದೆ. ಆವತ್ತೇ ಹಾಕಿಸಿದೆ. ಪಂಪಿಗೆ ಇನ್ನೊಂದು ಸಾದಾ ಟೈಮರ್ ಕೂಡ ಕೂರಿಸಿದೆ. ವಾಲ್ವ್ ಮುಚ್ಚಲಿ ಬಿಡಲಿ, 20 ನಿಮಿಷ ಆದರೆ ಕರೆಂಟ್ ಕಟ್.

ಆಮೇಲೆ ಸ್ಪ್ರಿಂಕ್ಲರ್ ತಲೆಗಳನ್ನು ಬಿಚ್ಚಿ ನೋಡಿದರೆ, ಆರರಲ್ಲಿ ನಾಲ್ಕರ ನಾಝಲ್‌ಗೆ ಬಿಳಿ ಉಪ್ಪು ಕಟ್ಟಿತ್ತು. ಗೀಸರ್ ಕಾಯಿಲ್‌ಗೆ ಕಟ್ಟುತ್ತಲ್ಲ, ಅದೇ. ಪಿನ್ ಹಾಕಿ ಚುಚ್ಚಲು ಹೋದೆ, ಪ್ಲಂಬರ್ ತಡೆದರು. ಪ್ಲಾಸ್ಟಿಕ್ ತೂತು ದೊಡ್ಡದಾದರೆ ನೀರಿನ ಆಕಾರವೇ ಕೆಡುತ್ತದಂತೆ. ಅಮ್ಮ ಅಡುಗೆಮನೆಯಿಂದ ನಿಂಬೆ ಉಪ್ಪು ತಂದುಕೊಟ್ಟರು. ಬೆಚ್ಚಗಿನ ನೀರಿನಲ್ಲಿ ಎರಡು ಚಮಚ ಕರಗಿಸಿ ಅರ್ಧ ಗಂಟೆ ನೆನೆಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಹೊಸದರಂತೆ. ತಲೆಯೊಳಗೆ ಒಂದು ಪುಟ್ಟ ಜರಡಿ ಇರುತ್ತದೆ, ಅದನ್ನೂ ತೊಳೆಯಬೇಕು. ವಾಪಸ್ ಹಾಕುವ ಮುಂಚೆ ನಾಝಲ್ ಇಲ್ಲದೆಯೇ ಒಂದು ನಿಮಿಷ ನೀರು ಬಿಟ್ಟರೆ ಪೈಪಿನ ಕೆಸರೆಲ್ಲ ಹೊರಗೆ. ನಮ್ಮ ನೀರಿಗೆ ಇದು ತಿಂಗಳಿಗೊಮ್ಮೆ ಬೇಕೇ ಬೇಕು. ಕಾವೇರಿ ನೀರಿನವರು ಇನ್ನೂ ಸ್ವಲ್ಪ ಸೋಮಾರಿಯಾಗಿರಬಹುದು.

ಹಾಗಂತ ಕಾವೇರಿ ನೀರನ್ನು ಲಾನ್‌ಗೆ ಬಿಡಿ ಅಂತಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿದೆಯಲ್ಲ? ನಾನಿರುವ ಅಪಾರ್ಟ್‌ಮೆಂಟಿನ ಲಾನ್ ಆಗಲೂ ಹಸಿರಾಗಿಯೇ ಇತ್ತು, ಯಾಕಂದ್ರೆ ಅದಕ್ಕೆ ಹೋಗೋದು ಶುದ್ಧೀಕರಿಸಿದ ಕೊಳಚೆ ನೀರು. ಅರಸೀಕೆರೆಯ ಒಂಟಿ ಮನೆಯಲ್ಲಿ ಆ ಅನುಕೂಲ ಎಲ್ಲಿಂದ ತರೋದು?

ಪ್ರೆಷರ್ ವಿಷಯ ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ, ಗೆಳೆಯರು ಪದೇ ಪದೇ ಕೇಳುತ್ತಾರೆ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್ ಒತ್ತಡ. ಟೆರೇಸಿನ ಟ್ಯಾಂಕ್ ಇಪ್ಪತ್ತು ಅಡಿ ಮೇಲಿದ್ದರೆ ಸುಮಾರು 0.6 ಬಾರ್. ಪಾಪ್-ಅಪ್ ತಲೆಗೆ ಎರಡು ಬಾರ್ ಹತ್ತಿರ ಬೇಕು. ಅಂದರೆ ಟ್ಯಾಂಕಿನಿಂದ ನೇರ ಪೈಪ್ ಎಳೆದರೆ ಅದು ಏಳುವುದೇ ಇಲ್ಲ, ಪಂಪ್ ಬೇಕು. ಪ್ರೆಷರ್ ಜಾಸ್ತಿಯಾದರೆ ನೀರು ಮಂಜಿನಂತಾಗಿ ಗಾಳಿಗೆ ಪಕ್ಕದ ಮನೆಯ ಸ್ಕೂಟರ್ ತೊಳೆಯುತ್ತದೆ. ಅನುಭವದ ಮಾತು.

ಭಾನುವಾರ ನಾನು ಇನ್ನೊಂದು ಪರೀಕ್ಷೆ ಮಾಡಿದೆ. ಮನೆಯಲ್ಲಿದ್ದ ನೆಟ್ಟಗಿನ ಸ್ಟೀಲ್ ಲೋಟಗಳನ್ನೆಲ್ಲ ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ಸ್ಪ್ರಿಂಕ್ಲರ್ ಬಿಟ್ಟೆ. ಆಮೇಲೆ ಸ್ಕೇಲ್ ಇಳಿಬಿಟ್ಟು ಅಳೆದರೆ, ಮಧ್ಯದ ಲೋಟದಲ್ಲಿ 12 ಮಿ.ಮೀ., ಮೂಲೆಯದರಲ್ಲಿ 3. ಸರಾಸರಿ 8. ಮೂಲೆ ಹಳದಿಯಾಗಿದೆ ಅಂತ ನಾನು ಟೈಮ್ ಜಾಸ್ತಿ ಮಾಡುತ್ತಿದ್ದದ್ದು ಮಧ್ಯದ ಜಾಗವನ್ನು ಮುಳುಗಿಸುತ್ತಿತ್ತು. ಮೂಲೆಯ ಎರಡು ತಲೆ ವಾಲಿದ್ದವು, ನೆಟ್ಟಗೆ ಮಾಡಿದೆ, ಅಷ್ಟೇ.

ಅಪ್ಪ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಲೋಟದ ಲೆಕ್ಕ ಮೇಷ್ಟ್ರಿಗೆ ಇಷ್ಟವಾಯಿತು ಅನ್ನಿಸುತ್ತೆ. "ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಎಷ್ಟು?" ಅಂದರು.

"ಒಂದು ಲೀಟರ್."

"ಬೇಸಿಗೇಲಿ ಹುಲ್ಲಿಗೆ ದಿನಕ್ಕೆಷ್ಟು ಬೇಕು?"

"ಸುಮಾರು ಐದು ಮಿಲಿಮೀಟರ್."

"ನಮ್ಮದು 56 ಚದರ ಮೀಟರ್. ಹಾಗಾದ್ರೆ 280 ಲೀಟರ್." ಒಂದು ಕ್ಷಣ ಸುಮ್ಮನಿದ್ದರು. "ತೋಟದಲ್ಲಿ ಡ್ರಿಪ್‌ನಲ್ಲಿ ಒಂದು ತೆಂಗಿಗೆ ದಿನಕ್ಕೆ ಐವತ್ತು, ಅರವತ್ತು ಲೀಟರ್ ಕೊಡ್ತೀವಿ. ಐದು ಮರದ ನೀರು ಕಣೋ ಇದು."

ನನ್ನ ಬಳಿ ಉತ್ತರ ಇರಲಿಲ್ಲ. 2016-17ರ ಬರದಲ್ಲಿ ನಮ್ಮ ತಾಲೂಕಿನ ತೋಟಗಳಲ್ಲಿ ಸುಳಿ ಒಣಗಿ ಬೋಳಾಗಿ ನಿಂತ ತೆಂಗುಗಳನ್ನು ನೀವು ರೈಲಿನ ಕಿಟಕಿಯಿಂದಲೇ ನೋಡಿರಬಹುದು. ದೊಡ್ಡಪ್ಪ ಟ್ಯಾಂಕರ್ ನೀರು ಕೊಂಡು ತಂದು ಪಾತಿಗೆ ಹಾಕಿದ್ದರು. ಎಷ್ಟೋ ಮರ ಉಳಿಯಲಿಲ್ಲ. ಆ ಬರ ನೋಡಿದ ಅಪ್ಪ ಆಮೇಲೆ ಹುಲ್ಲು ಯಾಕೆ ಹಾಕಿಸಿದರೋ ಅಂತ ಅಮ್ಮನನ್ನು ಕೇಳಿದೆ. "ಸಂಜೆ ಪೈಪ್ ಹಿಡ್ಕೊಂಡು ನಿಂತ್ರೆ ದಾರೀಲಿ ಹೋಗೋರೆಲ್ಲ, ಏನ್ ಮೇಷ್ಟ್ರೇ ಅಂತ ಮಾತಾಡಿಸೋರು. ಈಗ ಮಿಷಿನ್ ಬಂತು, ಇವರು ಒಳಗೆ ಟಿವಿ ಮುಂದೆ" ಅಂದರು.

ಅದನ್ನು ನಾನು ಸೊಲೆನಾಯ್ಡ್ ಆರ್ಡರ್ ಮಾಡುವಾಗ ಯೋಚಿಸಿರಲಿಲ್ಲ.

ಮೂರು ವಾರಾಂತ್ಯಗಳಲ್ಲಿ ಒಂದಷ್ಟು ಬದಲಾಯಿಸಿದೆವು. ಅರ್ಧ ಹುಲ್ಲು ಕಿತ್ತು ಅಲ್ಲಿ ಎರಡು ತೆಂಗಿನ ಸಸಿ ನೆಟ್ಟೆವು. ಸುತ್ತ ಪಾತಿ, ಮೇಲೆ ಮಗುಚಿಟ್ಟ ತೆಂಗಿನ ಸಿಪ್ಪೆ, ಒಳಗೆ ಡ್ರಿಪ್. ಉಳಿದ ಅರ್ಧಕ್ಕೆ ಮೂರೇ ಸ್ಪ್ರಿಂಕ್ಲರ್ ತಲೆ. ನರ್ಸರಿಯ ಮೆತ್ತನೆ ಹುಲ್ಲು ಸತ್ತ ಕಡೆಯಲ್ಲೆಲ್ಲ ಅಮ್ಮ ಗರಿಕೆ ತಂದು ಊರುತ್ತಿದ್ದಾರೆ. ಗಣೇಶನಿಗೂ ಆಯಿತು, ನೀರು ಕಡಿಮೆಯಾದರೆ ಒಣಗಿದಂತೆ ಕಂಡು ಮಳೆ ಬಿದ್ದ ವಾರಕ್ಕೆ ಮತ್ತೆ ಚಿಗುರುವ ಹುಲ್ಲು ಅದು. ದಿನಾ ನೀರು ಬಿಡುವ ಬದಲು ಎರಡು ದಿನಕ್ಕೊಮ್ಮೆ ಚೆನ್ನಾಗಿ ನೆನೆಸುತ್ತೇವೆ, ಬೇರು ಆಳಕ್ಕೆ ಇಳಿಯಲಿ ಅಂತ.

ರಾತ್ರಿಯ ಟೈಮರ್ ತೆಗೆದುಹಾಕಿದೆ. ಗೋಡೆ ಪಕ್ಕ, ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿ ಒಂದು ಬಾಲ್ ವಾಲ್ವ್ ಕೂರಿಸಿದ್ದೇನೆ. ತಂಪು ಹೊತ್ತಿನಲ್ಲಿ ಬೆಳಗ್ಗೆ ಆರಕ್ಕೆ ಬಿಟ್ಟರೆ ಒಳ್ಳೆಯದು, ರಾತ್ರಿಯೆಲ್ಲ ಹುಲ್ಲು ಒದ್ದೆ ಇದ್ದರೆ ಫಂಗಸ್ ಬರುತ್ತೆ ಅಂತ ಹೇಳಿದೆ. ಅಪ್ಪ ಒಪ್ಪಲಿಲ್ಲ. ಬೆಳಗ್ಗೆ ಬೀದಿಯಲ್ಲಿ ಯಾರೂ ಓಡಾಡಲ್ಲವಂತೆ. ಕೊನೆಗೆ ಸಂಜೆ ಐದಕ್ಕೆ ರಾಜಿಯಾಯಿತು, ಕತ್ತಲಾಗುವಷ್ಟರಲ್ಲಿ ಎಲೆ ಆರಿರುತ್ತದೆ. ವಾಲ್ವ್ ತಿರುಗಿಸಿ, ಫೋನಿನಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟು, ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂರುತ್ತಾರೆ. ಆನ್‌ಲೈನ್‌ನಲ್ಲಿ ನೋಡಿಟ್ಟಿದ್ದ ರೈನ್ ಸೆನ್ಸರ್ ಆರ್ಡರ್ ಕ್ಯಾನ್ಸಲ್ ಮಾಡಿದೆ.

ಮೊನ್ನೆ ಅಪ್ಪನ ಫೋನ್. "ನಿನ್ನೆ ಒಳ್ಳೇ ಮಳೆ ಕಣೋ, ಎರಡು ದಿನ ನಿನ್ನ ಮಿಷಿನ್‌ಗೆ ರಜ ಕೊಟ್ಟಿದೀನಿ. ಗೇಟ್ ಹತ್ರದ್ದು ಸರಿಯಾಗಿ ಚಿಮ್ಮುತಿಲ್ಲ. ಬರುವಾಗ ನಿಂಬೆ ಉಪ್ಪು ತಗೊಂಡು ಬಾ, ಮನೇಲಿ ಖಾಲಿಯಾಗಿದೆ."