ಜಾತ್ರೆಯ ಜೀಪಿಗೆ ಯಾವ ಮೋಟರ್?

ಕುರುಗೋಡು: ದೊಡ್ಡಬಸವೇಶ್ವರನ ಜಾತ್ರೆಯಂಥ ಕಡೆ ಮಕ್ಕಳ ಬ್ಯಾಟರಿ ಜೀಪು ಬಾಡಿಗೆಗೆ ಬಿಡುವವರಿಗೆ ಸಡಿಲ ಮಣ್ಣೇ ವೈರಿ. ಗಟ್ಟಿ ನೆಲದಲ್ಲಿ ಜುಮ್ಮೆಂದು ಓಡಿದ ಜೀಪು ಮಣ್ಣಿಗೆ ಇಳಿದರೆ ಗುಂಯ್ ಎಂದು ನಿಂತುಬಿಡುತ್ತದೆ. ಹಿಂದೆಯೇ ಸುಟ್ಟ ವಾಸನೆ. ಆ ದಿನದ ದುಡಿಮೆ ಅಲ್ಲಿಗೆ ಖಲಾಸ್.

ಹೊಸ ಮೋಟರಿಗೆಂದು ಅಂಗಡಿಗೆ ಹೋದರೆ, "10,000ದ್ದು ಕೊಡ್ಲಾ ಅಣ್ಣಾ, 20,000ದ್ದು ಕೊಡ್ಲಾ?" ಎಂಬ ಪ್ರಶ್ನೆ. ಗಾಬರಿ ಬೇಡ, ಅದು ರೇಟಲ್ಲ. ನಿಮಿಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬ ಲೆಕ್ಕ. ದೊಡ್ಡ ಅಂಕಿ ಕಂಡರೆ ಕೈ ಅತ್ತಲೇ ಹೋಗುತ್ತದೆ. ಎಡವಟ್ಟು ಆಗುವುದು ಅಲ್ಲೇ.

ಹೊರಗೆ ಎರಡೂ ಒಂದೇ ಗಾತ್ರ. ವ್ಯತ್ಯಾಸ ಇರುವುದು ಒಳಗಿನ ತಾಮ್ರದ ತಂತಿಯಲ್ಲಿ. ಸಣ್ಣ ತಂತಿ ಹೆಚ್ಚು ಸುತ್ತು ಸುತ್ತಿದ್ದರೆ ಮೋಟರ್ ನಿಧಾನ, ಆದರೆ ಕಡಿಮೆ ಕರೆಂಟಿನಲ್ಲೇ ಎಳೆಯುತ್ತದೆ. ದಪ್ಪ ತಂತಿ ಕಡಿಮೆ ಸುತ್ತು ಇದ್ದರೆ ವೇಗ ಜಾಸ್ತಿ. ಸುತ್ತು ಅರ್ಧವಾದರೆ ಅದೇ ಭಾರ ಎಳೆಯಲು ಎರಡು ಪಟ್ಟು ಆಂಪಿಯರ್ ಬೇಕು. 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಪಾಪ, ಎಲ್ಲಿಂದ ತಂದೀತು? ಬೇಗ ಕುಸಿಯುತ್ತದೆ. ವೈರು, ಸ್ವಿಚ್ಚು ಕಾಯುತ್ತವೆ. ಚಕ್ರ ಮಣ್ಣಲ್ಲಿ ಸಿಕ್ಕಿ ನಿಂತರಂತೂ ಇನ್ನೂ ಕೆಟ್ಟದ್ದು. ಮೋಟರ್ ತಿರುಗುತ್ತಿರುವಾಗ ತಾನೇ ಎದುರು ವೋಲ್ಟೇಜು ಹುಟ್ಟಿಸಿ ಕರೆಂಟಿಗೆ ತಡೆ ಹಾಕುತ್ತದೆ. ನಿಂತರೆ ಆ ತಡೆ ಇಲ್ಲ. ಅಷ್ಟೂ ಕರೆಂಟು ಶಾಖವಾಗಿ ತಂತಿಯ ಮೇಲಿನ ವಾರ್ನಿಷ್ ಸುಡುತ್ತದೆ.

ಇದು ಈ ಭಾಗದ ರೈತರಿಗೆ ಹೊಸ ಮಾತಲ್ಲ. ಪಂಪ್ ಜಾಮ್ ಆದಾಗ ಪಂಪ್‌ಸೆಟ್ ಮೋಟರ್ ಸುಡುವುದನ್ನು ಕಂಡವರೇ ಎಲ್ಲರೂ.

ಹಾಗಾದರೆ ವೇಗದ ಮೋಟರ್ ದಂಡವೇ? ಅಲ್ಲ, ಅದಕ್ಕೆ ತಕ್ಕ ಗಿಯರ್ ಬೇಕು. ಸಂಡೂರಿನ ಗುಡ್ಡ ಏರುವಾಗ ಬಸ್ಸಿನ ಡ್ರೈವರ್ ಟಾಪ್ ಗಿಯರಿನಲ್ಲಿ ಹೋಗುತ್ತಾನೆಯೇ? ಮೋಟರಿನ ಪುಟ್ಟ ಹಲ್ಲುಚಕ್ರದಲ್ಲಿ 16 ಹಲ್ಲು, ಎದುರಿನದರಲ್ಲಿ 64 ಹಲ್ಲು ಇದ್ದರೆ ಮೋಟರ್ 4 ಬಾರಿ ತಿರುಗಿದಾಗ ಅದು ಒಮ್ಮೆ ತಿರುಗುತ್ತದೆ. ಪುಟ್ಟದಕ್ಕೆ 8 ಹಲ್ಲಾದರೆ 8 ಬಾರಿಗೆ ಒಮ್ಮೆ, ಎಳೆತ ಇಮ್ಮಡಿ. ಆದರೆ ಗಳಿಸಿದ ವೇಗ ಅಲ್ಲೇ ಹೋಯಿತು! ಮಕ್ಕಳ ಜೀಪಿನಲ್ಲಿ ಹಲ್ಲುಚಕ್ರ ಬಿಡಿಯಾಗಿ ಬದಲಿಸುವುದೂ ಕಷ್ಟ, ಗಿಯರ್ ಡಬ್ಬಿಯನ್ನೇ ಬದಲಿಸಬೇಕಾಗುತ್ತದೆ.

ಅದಕ್ಕೇ ಅಂಗಡಿಗೆ ಹೋಗುವಾಗ ಸುಟ್ಟ ಮೋಟರನ್ನು ಕೈಯಲ್ಲೇ ಒಯ್ಯುವುದು ಒಳ್ಳೆಯದು. ಹೊಸದರ ವೋಲ್ಟು, ಆರ್‌ಪಿಎಂ, ಹಲ್ಲು ಮೂರನ್ನೂ ಹಳೆಯದಕ್ಕೆ ತಾಳೆ ನೋಡಿದ ಮೇಲೆಯೇ ದುಡ್ಡು ಎಣಿಸಬೇಕು.