ತಂಪಾದ ಮನೆಗೆ ಟೆಂಡರು ಕರೆಯುವುದು ಹೇಗೆ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ನಮ್ಮ ಹಿರಿಯರು ಈ ಎರಡು ಕಾರ್ಯಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದುದು ಸುಮ್ಮನೆ ಅಲ್ಲ. ಎರಡರಲ್ಲಿಯೂ ಹಲವು ವರ್ಷಗಳ ಉಳಿತಾಯ ಕೆಲವೇ ತಿಂಗಳಲ್ಲಿ ಕರಗುತ್ತದೆ. ಎರಡರಲ್ಲಿಯೂ ಮೊದಲು ಸಿಹಿಯಾಗಿದ್ದ ಮಾತು ಲೆಕ್ಕ ಒಪ್ಪಿಸುವ ಹೊತ್ತಿಗೆ ಕಹಿಯಾಗುವ ಸಂಭವವಿದೆ. ಆದರೆ ಮದುವೆಗೆ ಹೊರಟವರು ವರನ ಮನೆತನ, ವಿದ್ಯೆ, ನೌಕರಿಗಳನ್ನು ಹತ್ತು ಕಡೆ ವಿಚಾರಿಸುತ್ತಾರೆ; ಮನೆ ಕಟ್ಟಿಸಲು ಹೊರಟವರು ಮಾತ್ರ ಗುತ್ತಿಗೆದಾರನಿಗೆ ಒಂದೇ ಒಂದು ಪ್ರಶ್ನೆ ಹಾಕಿ ತೃಪ್ತರಾಗುತ್ತಾರೆ: "ಚದರಡಿಗೆ ಎಷ್ಟಾಗುತ್ತದೆ?"

ಉತ್ತರ ಕೂಡಲೇ ದೊರೆಯುತ್ತದೆ. "ಕಿಟಕಿಗೆ ಸಜ್ಜಾ ಸೇರಿತೇ? ತಾರಸಿಯ ಮೇಲಿನ ಕೆಲಸ ಸೇರಿತೇ?" ಎಂದು ಯಜಮಾನರು ಕೇಳಿದರೆ, "ಎಲ್ಲಾ ಸೇರಿಯೇ ಇದೆ ಸ್ವಾಮಿ, ನೀವು ಯೋಚನೆ ಮಾಡಬೇಡಿ" ಎಂಬ ಅಭಯವೂ ದೊರೆಯುತ್ತದೆ. ಆ 'ಎಲ್ಲಾ' ಎಂಬ ಎರಡಕ್ಷರದ ಒಳಗೆ ಏನೇನು ಅಡಗಿದೆ, ಏನೇನು ಇಲ್ಲ ಎಂಬುದು ಗೋಡೆ ಎದ್ದ ಮೇಲೆ ತಿಳಿಯುತ್ತದೆ. ಹಾಗೆಂದು ಗುತ್ತಿಗೆದಾರನನ್ನು ಮೋಸಗಾರನೆನ್ನುವುದು ನ್ಯಾಯವಲ್ಲ. ಕೇಳಿದ ಪ್ರಶ್ನೆಗೆ ತಕ್ಕ ಉತ್ತರವನ್ನೇ ಆತ ಕೊಟ್ಟಿದ್ದಾನೆ.

ಸಾಧಾರಣ ಮನೆಯ ವಿಷಯದಲ್ಲಿಯೇ ಹೀಗಾದರೆ, ಕಡಮೆ ಖರ್ಚಿನಲ್ಲಿ ಕಟ್ಟಿ, ಬೇಸಿಗೆಯಲ್ಲಿ ತಂಪಾಗಿದ್ದು, ವಿದ್ಯುಚ್ಛಕ್ತಿಯನ್ನು ಮಿತವಾಗಿ ಬಳಸುವ ಮನೆಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಏಕೆಂದರೆ ತಂಪು ಕಣ್ಣಿಗೆ ಕಾಣುವ ವಸ್ತುವಲ್ಲ. ನೆಲಕ್ಕೆ ಹಾಕುವ ಕಲ್ಲನ್ನು ಬೆರಳಿಟ್ಟು ತೋರಿಸಬಹುದು. ತಂಪನ್ನು ತೋರಿಸುವುದು ಹೇಗೆ? ಆದ್ದರಿಂದಲೇ ಕಾಗದದಲ್ಲಿ ಬರೆಯದ ತಂಪು ಮನೆಗೆ ಬಂದು ಸೇರುವುದಿಲ್ಲ. ಅತಿ ಕಡಮೆ ದರ ಹೇಳಿದವನು ಎಲ್ಲಕ್ಕಿಂತ ಮೊದಲು ಬಿಟ್ಟಿರುವುದು ಅದನ್ನೇ.

ತಂಪು ಎಲ್ಲಿಂದ ಬರುತ್ತದೆ?

ಟೆಂಡರು ಕರೆಯುವ ಮುನ್ನ ನಾವು ಕೊಳ್ಳಲು ಹೊರಟಿರುವ ಪದಾರ್ಥ ಯಾವುದೆಂದು ಅರಿಯುವುದು ಲೇಸು. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಅಂದರೆ ಬೇಸಿಗೆಯ ಬಿಸಿಲನ್ನು ಮೊದಲು ಹೊರುವುದು ಗೋಡೆಯಲ್ಲ, ತಾರಸಿ. ಐದಾರು ಅಂಗುಲ ದಪ್ಪದ ಬರಿಯ ಕಾಂಕ್ರೀಟು ಹಗಲೆಲ್ಲ ಬಿಸಿಯನ್ನು ಕುಡಿದು, ನಾವು ಊಟ ಮುಗಿಸಿ ಮಲಗುವ ಹೊತ್ತಿಗೆ ಅದನ್ನು ನಮ್ಮ ಮೇಲೆಯೇ ಸುರಿಯುತ್ತದೆ. ಎರಡನೆಯ ಶತ್ರು ಪಡುವಣ ಗೋಡೆ. ಸಂಜೆಯ ಸೂರ್ಯ ಕೆಳಗಿಳಿದು ಓರೆಯಾಗಿ ಒಳನುಗ್ಗುವುದರಿಂದ ಅಲ್ಲಿಯ ಕಿಟಕಿಗೆ ಸಜ್ಜಾ ಇದ್ದರೂ ಪ್ರಯೋಜನ ಅಲ್ಪ. ದಕ್ಷಿಣದ ಕಿಟಕಿಯನ್ನಾದರೋ ಎರಡಡಿಯ ಸಜ್ಜಾ ಚೆನ್ನಾಗಿ ಕಾಯುತ್ತದೆ.

ಇದಕ್ಕೆ ಪರಿಹಾರಗಳು ದುಬಾರಿಯಲ್ಲ. ದೊಡ್ಡ ಕಿಟಕಿಗಳನ್ನು ಉತ್ತರ ದಕ್ಷಿಣಗಳಿಗಿಟ್ಟು, ಪಶ್ಚಿಮಕ್ಕೆ ಬಚ್ಚಲು, ಉಗ್ರಾಣ, ಮೆಟ್ಟಿಲುಗಳನ್ನು ಒಡ್ಡಬಹುದು. ಎದುರುಬದುರು ಕಿಟಕಿಗಳಿಂದ ಗಾಳಿ ಹಾಯುವಂತೆ ಮಾಡಬಹುದು. ತಾರಸಿಯ ಮೇಲೆ ಬಿಳಿಯ ಹೆಂಚುಬಿಲ್ಲೆ ಹಾಸಬಹುದು, ಇಲ್ಲವೇ ವರುಷಕ್ಕೊಮ್ಮೆ ಸುಣ್ಣ ಬಳಿಯಬಹುದು. ಅಡಿಗೆಮನೆಯ ಬಿಸಿ ಹೊರಹೋಗಲು ಮೇಲ್ಭಾಗದಲ್ಲಿ ಗವಾಕ್ಷಿ ಇಡಬಹುದು. ಇವುಗಳಲ್ಲಿ ಮೊದಲೆರಡಕ್ಕೆ ಹೆಚ್ಚಿನ ಹಣವೇ ಬೇಡ. ನಕ್ಷೆ ಬರೆಯುವಾಗ ಉತ್ತರ ದಿಕ್ಕನ್ನು ನೆನೆದರೆ ಸಾಕು.

ಕಟ್ಟಡದ ಮೈಯಲ್ಲಿಯೇ ಮಿತವ್ಯಯ ಮಾಡುವ ಕ್ರಮಗಳೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು, ಮಣ್ಣಿಗೆ ನೂರಕ್ಕೆ ಆರರಿಂದ ಎಂಟರಷ್ಟು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಇಟ್ಟಿಗೆಯನ್ನು ನಮ್ಮ ನಾಡಿನಲ್ಲಿ ಬಳಕೆಗೆ ತಂದರು. ಅದಕ್ಕೆ ಗೂಡಿನ ಬೆಂಕಿ ಬೇಡ, ಸೌದೆ ಕಲ್ಲಿದ್ದಲುಗಳ ವೆಚ್ಚ ಬೇಡ. ಮೂರು ನಾಲ್ಕು ವಾರ ತೇವದಲ್ಲಿಟ್ಟು ಹದಗೊಳಿಸುವ ತಾಳ್ಮೆ ಬೇಕು. ಸುಟ್ಟ ಇಟ್ಟಿಗೆಯನ್ನೇ ಬಳಸುವವರಿಗೆ ಇಲಿಬೋನಿನ ಕಟ್ಟು, ಅಂದರೆ 'ರ‍್ಯಾಟ್ ಟ್ರ್ಯಾಪ್ ಬಾಂಡ್' ಎಂಬುದಿದೆ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಸಂದಿ ಬಿಡುತ್ತಾ ಒಂಬತ್ತಂಗುಲದ ಗೋಡೆ ಕಟ್ಟುವ ವಿಧಾನವದು. ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ಸಂದಿಯಲ್ಲಿ ಸಿಕ್ಕ ಗಾಳಿ ಬಿಸಿಲಿನ ಓಟವನ್ನು ತಡೆಯುತ್ತದೆ. ಕಾಂಕ್ರೀಟಿನ ಕೆಳಭಾಗದಲ್ಲಿ ಕಂಬಿಗಳ ನಡುವೆ ಮಂಗಳೂರು ಹೆಂಚುಗಳನ್ನು ಜೋಡಿಯಾಗಿಟ್ಟು ಹಾಕುವ ತಾರಸಿಯೂ ಇದೇ ಜಾತಿಯದು. ಅಲ್ಲಿ ಕಾಂಕ್ರೀಟು ಬಲವನ್ನು ಹೊರುವುದಿಲ್ಲವಾದ್ದರಿಂದ ಅದರ ಜಾಗವನ್ನು ಅಗ್ಗದ ಹೆಂಚು ತುಂಬುತ್ತದೆ.

ಬೇಕರ್ ಇಲ್ಲದವರ ಪಾಡು

ಇಂತಹ ಕಟ್ಟಡಗಳಿಗೆ ದೇಶದಲ್ಲಿ ಹೆಸರು ತಂದವರು ಲಾರಿ ಬೇಕರ್ (1917-2007). ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು, ತಿರುವನಂತಪುರದಲ್ಲಿ ನೆಲೆನಿಂತ ಈ ವಾಸ್ತುಶಿಲ್ಪಿಯ ಮನೆಗಳು ಅಗ್ಗವಾದುದು ಇಲಿಬೋನಿನ ಕಟ್ಟಿನಿಂದ ಮಾತ್ರವಲ್ಲ. ಬೇಕರ್ ಸ್ವತಃ ಕೆಲಸದ ಸ್ಥಳದಲ್ಲಿ ನಿಂತು, ತಾವೇ ಪಳಗಿಸಿದ ಗಾರೆಯವರಿಂದ ಕೆಲಸ ತೆಗೆಯುತ್ತಿದ್ದರು. ಅವರ ಕಣ್ಣೇ ಅಲ್ಲಿ ಕರಾರುಪತ್ರವಾಗಿತ್ತು.

ಆಫೀಸಿಗೆ ಹೋಗಿ ಸಂಜೆ ಆರಕ್ಕೆ ಮರಳುವ ನಮ್ಮ ಯಜಮಾನರಿಗೆ ಈ ಸೌಕರ್ಯವಿಲ್ಲ. ಗುತ್ತಿಗೆದಾರನಿಗೆ ಪರಿಚಯವಿಲ್ಲದ ಕೆಲಸವನ್ನು ಹೇಳಿದರೆ ಎರಡರಲ್ಲೊಂದು ನಡೆಯುತ್ತದೆ: ಇಲ್ಲವೇ ಆತ ಅಂಜಿ, ಆ ಅಂಜಿಕೆಯ ಬೆಲೆಯನ್ನೂ ದರಕ್ಕೆ ಸೇರಿಸುತ್ತಾನೆ, ಇಲ್ಲವೇ ಧೈರ್ಯವಾಗಿ ಒಪ್ಪಿಕೊಂಡು, ಆತನ ಕೆಲಸದವರು ಗೋಡೆಯ ಸಂದಿಗೆಲ್ಲ ಗಾರೆ ತುಂಬಿ 'ಭದ್ರ' ಮಾಡಿಬಿಡುತ್ತಾರೆ. ಮೊದಲನೆಯದರಲ್ಲಿ ಮಿತವ್ಯಯ ಹೋಯಿತು, ಎರಡನೆಯದರಲ್ಲಿ ತಂಪೂ ಹೋಯಿತು. ಸ್ಥಳದಲ್ಲಿ ಕಣ್ಣಿಡಲಾರದವರು ಕಾಗದವನ್ನೇ ಕಣ್ಣಾಗಿ ಮಾಡಿಕೊಳ್ಳಬೇಕು.

ಕಾಗದದಲ್ಲಿ ಏನಿರಬೇಕು?

ಎಂಜಿನಿಯರರಿಂದಲೋ ವಾಸ್ತುಶಿಲ್ಪಿಯಿಂದಲೋ ನಾಲ್ಕು ಬಗೆಯ ಕಾಗದಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಇದಕ್ಕೆ ತೆರುವ ಸಂಭಾವನೆಯನ್ನು ಉಳಿಸಹೊರಡುವುದು ಬೀಜದ ಭತ್ತವನ್ನು ಕುಟ್ಟಿ ಉಂಡ ಹಾಗೆ.

ಮೊದಲನೆಯದು ನಕ್ಷೆ. ನೆಲದ ನಕ್ಷೆಯೊಂದೇ ಸಾಲದು. ಮನೆಯನ್ನು ಕೊಯ್ದು ತೋರಿಸಿದಂತಿರುವ ಅಡ್ಡನೋಟವೂ, ಸಜ್ಜಾದ ಚಾಚು, ಗವಾಕ್ಷಿಯ ಎತ್ತರ, ತಾರಸಿಯ ಪದರಗಳ ದಪ್ಪವೂ ಅದರಲ್ಲಿರಬೇಕು.

ಎರಡನೆಯದು ಪರಿಮಾಣಗಳ ಪಟ್ಟಿ. ಪಾಯ ತೋಡುವುದು ಇಷ್ಟು ಘನಮೀಟರು, ಗೋಡೆ ಇಷ್ಟು, ಗಾರೆ ಇಷ್ಟು ಚದರಮೀಟರು ಎಂದು ಬರೆದು, ದರದ ಅಂಕಣವನ್ನು ಮಾತ್ರ ಖಾಲಿ ಬಿಡಬೇಕು. ಸಜ್ಜಾ, ತಾರಸಿಯ ಬಿಳಿಯ ಹಾಸು, ಸೂರ್ಯಶಾಖದ ನೀರೊಲೆಗೆ ಬೇಕಾದ ಕೊಳಾಯಿ, ಮಳೆನೀರಿನ ತೊಟ್ಟಿ - ಒಂದೊಂದಕ್ಕೂ ಬೇರೆ ಬೇರೆ ಸಾಲು. ಸಾಲಿದ್ದರೆ ಬಿಟ್ಟುಹೋಗುವುದಿಲ್ಲ, ಬಿಟ್ಟರೆ ಖಾಲಿ ಜಾಗವೇ ಕಣ್ಣಿಗೆ ಹೊಡೆಯುತ್ತದೆ.

ಮೂರನೆಯದು ಕೆಲಸದ ಗುಣವಿವರಣೆ. "ಒಳ್ಳೆಯ ತಾರಸಿ" ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತೆಯ ಬ್ಯೂರೋ 2018ರಲ್ಲಿ ಹೊರಡಿಸಿದ 'ಇಕೋ ನಿವಾಸ ಸಂಹಿತೆ'ಯು ತಾರಸಿಯ ಮೂಲಕ ಬಿಸಿ ಹಾಯುವ ಪ್ರಮಾಣಕ್ಕೆ ಒಂದು ಮಿತಿಯನ್ನು ಗೊತ್ತುಮಾಡಿದೆ: ಒಂದು ಡಿಗ್ರಿ ಅಂತರಕ್ಕೆ ಚದರಮೀಟರಿಗೆ 1.2 ವಾಟ್. ಬರಿಯ ಕಾಂಕ್ರೀಟು ತಾರಸಿಯಲ್ಲಿ ಇದರ ಎರಡು ಪಾಲಿಗೂ ಮಿಕ್ಕು ಬಿಸಿ ಹಾಯುತ್ತದೆ. ಸಣ್ಣ ನಿವೇಶನದ ಮನೆಗೆ ಈ ಸಂಹಿತೆಯ ಕಟ್ಟುಪಾಡಿಲ್ಲವಾದರೂ ಅಳತೆಗೋಲಾಗಿ ಅದನ್ನು ಬಳಸಲು ಯಾರ ಅಡ್ಡಿಯೂ ಇಲ್ಲ. ನಿಮ್ಮ ಎಂಜಿನಿಯರರು ಪದರಗಳನ್ನು ಲೆಕ್ಕಹಾಕಿ ಆ ಅಂಕಿಯನ್ನು ಕಾಗದದಲ್ಲಿ ನಮೂದಿಸಲಿ.

ನಾಲ್ಕನೆಯದು ಕರಾರುಗಳು. ಕೆಲಸ ಎಷ್ಟು ತಿಂಗಳಲ್ಲಿ ಮುಗಿಯಬೇಕು. ನೀರು, ವಿದ್ಯುತ್ತಿನ ಖರ್ಚು ಯಾರದು. ಹೆಚ್ಚಿನ ಕೆಲಸಕ್ಕೆ ಯಾವ ದರ ಎಂಬುದೆಲ್ಲ ಇಲ್ಲಿರಬೇಕು. ಹಣ ಕೊಡುವುದು ಅಳೆದು ನೋಡಿದ ಕೆಲಸಕ್ಕೇ ಹೊರತು ಕಳೆದ ತಿಂಗಳಿಗಲ್ಲ. ಕೊನೆಯ ಪಾವತಿಯಲ್ಲಿ ನೂರಕ್ಕೆ ಐದರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಷರತ್ತನ್ನು ಮೊದಲೇ ತಿಳಿಸಿದರೆ ಯಾರಿಗೂ ಅಸಮಾಧಾನವಾಗದು.

ಕರೆಯುವುದು, ತೂಗುವುದು

ಮೂವರಿಂದ ಐವರವರೆಗೆ ಗುತ್ತಿಗೆದಾರರನ್ನು ಕರೆದರೆ ಸಾಕು. ಎಲ್ಲರಿಗೂ ಒಂದೇ ಕಾಗದ, ಒಂದೇ ಗಡುವು. ಒಬ್ಬನು ಕೇಳಿದ ಸಂದೇಹಕ್ಕೆ ಕೊಟ್ಟ ಸಮಾಧಾನವನ್ನು ಉಳಿದವರಿಗೂ ತಿಳಿಸಬೇಕು. ಎಲ್ಲರನ್ನೂ ಒಂದು ದಿನ ನಿವೇಶನಕ್ಕೆ ಕರೆಸಿ, ಅನುಭವವುಳ್ಳ ಗಾರೆಯವನಿಂದ ಒಂದು ಮೀಟರಿನಷ್ಟು ಮಾದರಿ ಗೋಡೆ ಕಟ್ಟಿಸಿ ತೋರಿಸಿದರೆ, ಗೋಡೆಗೆ ತಗಲುವ ಖರ್ಚಿಗಿಂತ ಹೆಚ್ಚಿನ ಹಣ ದರದಲ್ಲಿ ಉಳಿಯಬಹುದು. ಅಂಜಿಕೆ ಹೋದ ಮೇಲೆ ಅಂಜಿಕೆಯ ಬೆಲೆಯೂ ಹೋಗುತ್ತದೆ.

ಬಂದ ಲಕೋಟೆಗಳನ್ನು ಒಂದೇ ದಿನ ತೆರೆಯಿರಿ. ಮೊತ್ತವನ್ನು ನೋಡಿ ಮರುಳಾಗಬೇಡಿ. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಮೊದಲನೆಯವನ ಮೊತ್ತ 14 ಲಕ್ಷ, ಎರಡನೆಯವನದು 15 ಲಕ್ಷ 20 ಸಾವಿರ. ಸಾಲುಸಾಲಾಗಿ ನೋಡಿದಾಗ ಮೊದಲನೆಯವನು ಸಜ್ಜಾ, ತಾರಸಿಯ ಹಾಸು, ಮಳೆನೀರಿನ ತೊಟ್ಟಿಗಳಿಗೆ ದರವನ್ನೇ ಬರೆದಿಲ್ಲ. ಕೇಳಿ ಬರೆಯಿಸಿದರೆ ಅವು 1 ಲಕ್ಷ 60 ಸಾವಿರವಾಗುತ್ತವೆ. ಈಗ ಅವನ ಮೊತ್ತ 15 ಲಕ್ಷ 60 ಸಾವಿರ! ಅಗ್ಗವೆಂದು ಕಂಡದ್ದು 40 ಸಾವಿರ ದುಬಾರಿಯಾಯಿತು. ಚದರಡಿಯ ದರವನ್ನು ಮಾತ್ರ ಕೇಳಿದ್ದರೆ ಇದು ಬೆಳಕಿಗೆ ಬರುತ್ತಿರಲಿಲ್ಲ.

ಗುತ್ತಿಗೆದಾರನಿಗೆ ಇನ್ನೂ ಒಳ್ಳೆಯ ಉಪಾಯ ತಿಳಿದಿದ್ದರೆ? ಅದಕ್ಕೂ ಬಾಗಿಲು ತೆರೆದಿಡಬೇಕು. ಸರ್ಕಾರವೇ ಇಂಥದೊಂದು ಪ್ರಯೋಗ ಮಾಡಿತು. 2019ರಲ್ಲಿ ಗೃಹನಿರ್ಮಾಣದ ಹೊಸ ವಿಧಾನಗಳಿಗಾಗಿ ಜಗತ್ತಿಗೆಲ್ಲ ಆಹ್ವಾನವಿತ್ತು, ಆರಿಸಿದ ವಿಧಾನಗಳ ಪಟ್ಟಿ ಮಾಡಿ, ಇಂದೂರು, ರಾಜಕೋಟೆ, ಚೆನ್ನೈ, ರಾಂಚಿ, ಅಗರ್ತಲಾ, ಲಖನೌ ನಗರಗಳಲ್ಲಿ ಒಂದೊಂದು ಊರಿಗೆ ಒಂದೊಂದು ವಿಧಾನದಂತೆ 2021ರ ಜನವರಿ 1ರಂದು ಕೆಲಸಕ್ಕೆ ಅಡಿಗಲ್ಲಿಟ್ಟಿತು. ಮೊದಲೇ ಎರಕಹೊಯ್ದ ಕಾಂಕ್ರೀಟಿನ ಭಾಗಗಳನ್ನು ಜೋಡಿಸಿ ಚೆನ್ನೈಯಲ್ಲಿ ಕಟ್ಟಿದ 1,152 ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡವು. ನಾವು ಕಲಿಯಬಹುದಾದ ಪಾಠ ಸಣ್ಣದು: ಹೊಸ ಸಲಹೆಯನ್ನು ಸ್ವಾಗತಿಸಿ, ಆದರೆ ಮೂಲ ಪಟ್ಟಿಗೆ ದರ ತುಂಬಿದ ಮೇಲೆ, ಬೇರೆ ಹಾಳೆಯಲ್ಲಿ, ಬೇರೆ ದರದೊಂದಿಗೆ ಅದನ್ನು ಬರೆದುಕೊಡಲು ಹೇಳಿ. ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿದರೆ ತೂಗಲು ತಕ್ಕಡಿಯೇ ಇಲ್ಲದಂತಾಗುತ್ತದೆ.

ಕಟ್ಟುವ ಖರ್ಚು, ಬಾಳುವ ಖರ್ಚು

ದರಗಳನ್ನು ತೂಗುವಾಗ ಮುಂದಿನ ಇಪ್ಪತ್ತು ವರ್ಷಗಳ ವಿದ್ಯುತ್ ಬಿಲ್ಲನ್ನೂ ಜೊತೆಗಿಟ್ಟುಕೊಳ್ಳಬೇಕು. 75 ವಾಟ್‌ನ ಹಳೆಯ ಮಾದರಿಯ ನಾಲ್ಕು ಫ್ಯಾನುಗಳ ಬದಲು 30 ವಾಟ್‌ನ ಹೊಸ ಮಾದರಿಯವನ್ನು ಹಾಕಿ, ವರ್ಷದಲ್ಲಿ 200 ದಿನ, ದಿನಕ್ಕೆ ಹತ್ತು ಗಂಟೆ ತಿರುಗಿಸಿದರೆ ಉಳಿಯುವುದು 360 ಯೂನಿಟ್. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ದಿನಕ್ಕೆ ಸುಮಾರು ಮೂರೂವರೆ ಯೂನಿಟ್ ಬೇಕು. ಬಿಸಿಲಿದ್ದ ದಿನ ಅದನ್ನು ಸೂರ್ಯನೇ ಪುಕ್ಕಟೆಯಾಗಿ ಕೊಡುತ್ತಾನೆ. ಆದರೆ ಫ್ಯಾನನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು; ಪಡುವಣಕ್ಕೆ ತೆರೆದ ಕಿಟಕಿಯನ್ನೂ ಬರಿಯ ತಾರಸಿಯನ್ನೂ ಬದಲಾಯಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ಕೈ ಬಿಗಿಯಾದಾಗ ಮೊದಲು ಮುಂದೂಡತಕ್ಕದ್ದು ಉಪಕರಣವನ್ನು. ನೆರಳು ಮತ್ತು ತಾರಸಿಗಳ ಸಾಲನ್ನು ಹೊಡೆದುಹಾಕಬಾರದು.

ಕೊನೆಯ ಆಯ್ಕೆಗೆ ಮುನ್ನ, ಆ ಗುತ್ತಿಗೆದಾರನು ಈ ಹಿಂದೆ ಕಟ್ಟಿದ ಮನೆಯೊಂದಕ್ಕೆ ಹೋಗಿಬನ್ನಿ. ಬೆಳಗಿನ ತಂಪಿನಲ್ಲಿ ಹೋಗಬೇಡಿ; ಏಪ್ರಿಲ್ ತಿಂಗಳ ರಾತ್ರಿ ಎಂಟು ಗಂಟೆಗೆ ಹೋಗಿ, ತಾರಸಿ ತನ್ನ ಬಿಸಿಯನ್ನು ಸುರಿಯುವ ಹೊತ್ತಿಗೆ. ಯಜಮಾನರನ್ನು ಖರ್ಚಿನ ಲೆಕ್ಕ ಕೇಳಿ. ಆದರೆ ಮನೆ ಹೇಗಿದೆ ಎಂಬುದನ್ನು ಗೃಹಿಣಿಯನ್ನೇ ಕೇಳಬೇಕು. ಮಧ್ಯಾಹ್ನದ ಅಡಿಗೆಮನೆಯ ಸೆಕೆಯನ್ನೂ, ಮಕ್ಕಳು ನಿದ್ದೆಯಿಲ್ಲದೆ ಹೊರಳಾಡುವ ರಾತ್ರಿಗಳನ್ನೂ ಬಲ್ಲವರು ಆಕೆಯೇ. ಹಾಗೆಯೇ ನಿಮ್ಮ ಮನೆಯ ಪಟ್ಟಿಗೆ ರುಜು ಹಾಕುವ ಮೊದಲು ನಿಮ್ಮ ಗೃಹಿಣಿಗೂ ಅದನ್ನು ಒಂದು ಸಲ ಓದಿ ಹೇಳಿ. ಎಂಜಿನಿಯರರೂ ಮರೆತ ಒಂದು ಗವಾಕ್ಷಿಯನ್ನು ಆಕೆ ನೆನಪಿಸಿದರೆ ಆಶ್ಚರ್ಯವಿಲ್ಲ. ದರ ಗೊತ್ತಾಗುವ ಮುನ್ನ ಅದನ್ನು ಸೇರಿಸಲು ಬೇಕಾದುದು ಒಂದು ಸಾಲು ಶಾಯಿ ಮಾತ್ರ.